ಮೊದಲ ಪಿರಿಯಡ್ ಕುಂಬಳದ ಬಳ್ಳಿಗೆ

ಗಿಡ, ಹೂವು, ಜೇನುಗಳ ಸಂಬಂಧವನ್ನು ಚಿಕ್ಕ ಮಕ್ಕಳಿಗೆ ಹೇಳಿಕೊಡುವುದು ಹೇಗೆ ಎಂಬ ಪ್ರಶ್ನೆ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವ ಶಿಕ್ಷಕಿಯರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಮೊಬೈಲು ಬಿಡದ ಮಗನ ಚಿಂತೆ ಹಚ್ಚಿಕೊಂಡ ಅಪ್ಪಂದಿರಿದ್ದಾರೆ. ಹೆಚ್ಚಿನವರಿಗೆ ಬೇಕಾದದ್ದು ಒಂದು ಪುಸ್ತಕದ ಹೆಸರು ಅಥವಾ ಒಂದು ವಿಡಿಯೊ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೆ ಒಮ್ಮೆ ಕರೆದುಕೊಂಡು ಹೋಗಿಬಂದರೆ ಆಗದೇ ಎಂದು ಕೇಳುವವರೂ ಇದ್ದಾರೆ. ನನ್ನ ಉತ್ತರ ಅಷ್ಟೊಂದು ಆಕರ್ಷಕವಾಗಿಲ್ಲ. ಒಂದು ಸಿಹಿಗುಂಬಳದ ಬಳ್ಳಿ ಬೆಳೆಸಿ. ದಕ್ಷಿಣ ಕನ್ನಡದವರು ಚೀನಿಕಾಯಿ ಎನ್ನುತ್ತಾರಲ್ಲ, ಅದೇ. ಪರಾಗಸ್ಪರ್ಶದ ಬಗ್ಗೆ ಆರು ವರ್ಷದ ಮಗುವಿಗೆ ತಿಳಿಯಬೇಕಾದದ್ದನ್ನೆಲ್ಲ ಆ ಬಳ್ಳಿ ಒಂದೇ ಹಂಗಾಮಿನಲ್ಲಿ ತೋರಿಸಿಬಿಡುತ್ತದೆ. ಷರತ್ತು ಒಂದೇ. ಮಗು ಬರೀ ನೋಡುತ್ತ ನಿಲ್ಲಬಾರದು, ನೀರು ಹಾಕಿ ಕೈತೊಳೆದುಕೊಳ್ಳಲೂ ಬಾರದು. ಜೇನಿನ ಕೆಲಸವನ್ನು ಒಂದು ಹೂವಿನಲ್ಲಿ ತಾನೇ ಮಾಡಬೇಕು, ಇನ್ನೊಂದರಲ್ಲಿ ಆ ಕೆಲಸ ಆಗದಂತೆ ತಡೆಯಬೇಕು, ಎರಡರ ಫಲವನ್ನೂ ಕಾದು ನೋಡಬೇಕು.

ಮಾಡಿ ಕಲಿಯಬೇಕು ಎಂಬ ಮಾತು ನಮಗೇನೂ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದ್ದು, ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮಿನ ಮಾತೆತ್ತಿದ್ದು, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 1995ರಲ್ಲಿ ನಲಿ-ಕಲಿ ಶುರುವಾದದ್ದು ಎಲ್ಲವೂ ಹೆಚ್ಚುಕಡಿಮೆ ಇದೇ ನಂಬಿಕೆಯಿಂದ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅನುಭವದ ಕಲಿಕೆಗೆ ಒತ್ತು ಇದೆ. ಆದರೆ ಅದು ತರಗತಿಗೆ ಇಳಿಯುವ ಹೊತ್ತಿಗೆ ಕೈಗೆ ಕೆಲಸ ಸಿಗುತ್ತದೆ, ತಲೆಗೆ ಸಿಗುವುದಿಲ್ಲ. ಜೂನ್ 5ಕ್ಕೆ ಸಸಿ ನೆಡುತ್ತಾರೆ, ಫೋಟೊ ತೆಗೆಯುತ್ತಾರೆ. ಆ ಸಸಿ ಹೂ ಬಿಡುವ ಕಾಲಕ್ಕೆ ನೆಟ್ಟ ಮಗು ಹೈಸ್ಕೂಲು ದಾಟಿರುತ್ತದೆ. ಒದ್ದೆ ಹತ್ತಿಯಲ್ಲಿ ಹೆಸರುಕಾಳು ಮೊಳೆಯಿಸುವುದು ಒಳ್ಳೆಯ ಪಾಠವೇ, ಆದರೆ ಅದು ಮೊಳಕೆಯಲ್ಲಿ ಶುರುವಾಗಿ ಮೊಳಕೆಯಲ್ಲೇ ಮುಗಿಯುತ್ತದೆ. ಇನ್ನು ಹೂವಿನ ಪಾಠ ಎಂದರೆ ದಾಸವಾಳ. ದೊಡ್ಡ ಹೂವು, ಎಲ್ಲ ಊರಿನಲ್ಲೂ ಸಿಗುತ್ತದೆ, ಉದ್ದಕ್ಕೆ ಸೀಳಿದರೆ ಭಾಗಗಳು ಕಾಣುತ್ತವೆ. ಮಕ್ಕಳು ಕೇಸರ, ಶಲಾಕೆ, ಶಲಾಕಾಗ್ರ, ಅಂಡಾಶಯ ಎಂದು ಹೆಸರು ಬರೆಯುತ್ತಾರೆ. ತೊಂದರೆ ಏನೆಂದರೆ ನಮ್ಮ ಅಂಗಳದ ದಾಸವಾಳ ಕಾಯಿ ಕಟ್ಟುವುದೇ ಅಪರೂಪ. ಹೂವು ಯಾಕಿದೆ ಎಂಬ ಪ್ರಶ್ನೆಗೆ ಉತ್ತರವನ್ನೇ ಕೊಡದ ಗಿಡವನ್ನು ಹೂವಿನ ಪಾಠಕ್ಕೆ ಆರಿಸಿಕೊಂಡಿದ್ದೇವೆ. ಮಗುವಿಗೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ.

ಕುಂಬಳದ ಬಳ್ಳಿಯ ಹತ್ತಿರ ಕೂತು ನೋಡಿ. ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಹೂವು. ಗಂಡು ಹೂವಿನ ತೊಟ್ಟು ಉದ್ದ, ತೆಳ್ಳಗೆ. ಅಗಲವಾದ ಹಳದಿ ದಳಗಳ ನಡುವೆ ಒಂದೇ ಕಡ್ಡಿ ನಿಂತಿರುತ್ತದೆ, ಬೆರಳು ತಾಗಿಸಿದರೆ ಕೇಸರಿ ಬಣ್ಣಕ್ಕೆ ತಿರುಗಿದ ಹಳದಿ ಪುಡಿ ಅಂಟಿಕೊಳ್ಳುತ್ತದೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ. ದಳದ ಕೆಳಗೆ ಗೋಲಿಗಿಂತ ತುಸು ದೊಡ್ಡದಾದ ಪುಟ್ಟ ಕುಂಬಳ ಆಗಲೇ ಇರುತ್ತದೆ, ಒಳಗೆ ಕಡ್ಡಿಯ ಬದಲು ಉಬ್ಬುಉಬ್ಬಾದ ಅಂಟು ತುದಿ ಇರುತ್ತದೆ. ಭೂತಗನ್ನಡಿ ಬೇಡ, ಬ್ಲೇಡು ಬೇಡ. ಯಾವುದು ಯಾವ ಹೂವೆಂದು ಮೂರು ವರ್ಷದ ಮಗುವೂ ಬೇರ್ಪಡಿಸಬಲ್ಲದು. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂವುಗಳು, ಸಂಖ್ಯೆಯಲ್ಲೂ ಅವೇ ಹೆಚ್ಚು. ಹೂವೆಲ್ಲ ಉದುರಿಹೋಗುತ್ತಿದೆ, ಕಾಯಿ ಕಟ್ಟುತ್ತಿಲ್ಲ ಎಂದು ಹೊಸದಾಗಿ ಕೈತೋಟ ಮಾಡಿದವರು ಗಾಬರಿಯಾಗುವುದು ಈ ದಿನಗಳಲ್ಲೇ. ಇಲ್ಲಿ ಮಗುವಿಗೆ ಮೊದಲ ಒಗಟು ಸಿಗುತ್ತದೆ: ಕಾಯಿ ಕೊಡದ ಹೂವನ್ನು ಬಳ್ಳಿ ಇಷ್ಟೊಂದು ಬಿಡುವುದು ಯಾಕೆ? ಉತ್ತರ ಹೇಳಲು ಆತುರ ಬೇಡ.

ಹೆಣ್ಣು ಮೊಗ್ಗಿನ ತುದಿ ಹಳದಿಗೆ ತಿರುಗಿದರೆ ಮರುದಿನ ಬೆಳಿಗ್ಗೆ ಅರಳುತ್ತದೆ ಎಂದು ಲೆಕ್ಕ. ಹಿಂದಿನ ಸಂಜೆಯೇ ಅಂಥ ಎರಡು ಮೊಗ್ಗುಗಳಿಗೆ ಹಳೆಯ ಸೊಳ್ಳೆಪರದೆಯ ತುಂಡನ್ನು ಚೀಲದಂತೆ ಹೊದಿಸಿ ದಾರ ಕಟ್ಟಿ. ಮೂರನೆಯ ಮೊಗ್ಗನ್ನು ಹಾಗೇ ಬಿಡಿ, ಗುರುತಿಗೆ ಒಂದು ಬಣ್ಣದ ನೂಲು ಸಾಕು. ಬೆಳಿಗ್ಗೆ ಆಗ ತಾನೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಆ ಪುಡಿಯ ಕಡ್ಡಿಯನ್ನು ಮಗುವಿನ ಕೈಗೆ ಕೊಡಿ. ಒಂದು ಚೀಲ ಬಿಚ್ಚಿ, ಹೆಣ್ಣು ಹೂವಿನ ತುದಿಗೆ ಎಲ್ಲ ಕಡೆಯೂ ಪುಡಿ ತಾಗುವಂತೆ ಮೆಲ್ಲಗೆ ಸವರಿಸಿ, ಮತ್ತೆ ಚೀಲ ಕಟ್ಟಿಸಿ. ಎರಡನೆಯ ಚೀಲವನ್ನು ಮುಟ್ಟಬೇಡಿ. ಮೂರನೆಯ ಹೂವು ಜೇನಿನ ಪಾಲು. ಅಲ್ಲಿಗೆ ಯಾರು ಯಾರು ಬಂದರು ಎಂದು ಮಗು ದೂರ ಕೂತು ನೋಡಲಿ. ಒಂದು ವಾರದೊಳಗೆ ವಿಷಯ ಬಯಲಾಗುತ್ತದೆ. ಪುಡಿ ಸವರಿಸಿಕೊಂಡ ಹೀಚು ಹಸಿರಾಗಿ ದಪ್ಪಗಾಗುತ್ತದೆ. ಚೀಲದೊಳಗೇ ಉಳಿದದ್ದು ಹಳದಿಯಾಗಿ, ಮುರುಟಿ, ತೊಟ್ಟಿನಿಂದ ಕಳಚಿಕೊಳ್ಳುತ್ತದೆ. ಬಯಲಲ್ಲಿದ್ದದ್ದು ಜೇನು ಬಂದಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಒಂದೇ ಹೂವಿನ ಮೇಲೆ ತೀರ್ಪು ಕೊಡಬೇಡಿ ಎಂಬುದನ್ನೂ ಇಲ್ಲೇ ಹೇಳಬೇಕು. ಮಳೆಯಲ್ಲಿ ಪರಾಗ ನೆನೆದರೆ ಕೆಡುತ್ತದೆ, ಆಗಲೇ ಎರಡು ಕಾಯಿ ಹೊತ್ತ ಬಳ್ಳಿ ಮೂರನೆಯದನ್ನು ತಾನೇ ಬೀಳಿಸುವುದುಂಟು. ಹಾಗಾಗಿ ನಾಲ್ಕೈದು ಬಾರಿ ಮಾಡಬೇಕು, ಗೋಡೆಯ ಮೇಲೆ ಗೀಟು ಹಾಕಿ ಲೆಕ್ಕ ಇಡಬೇಕು. ನಿಂತದ್ದೆಷ್ಟು, ಉದುರಿದ್ದೆಷ್ಟು ಎಂದು ಎಣಿಸುವುದು ಎರಡನೇ ತರಗತಿಯ ಗಣಿತವೂ ಹೌದು.

ಹಳ್ಳಿಯ ಮಕ್ಕಳಿಗೆ ಇದೆಲ್ಲ ಬೇಡ, ಅವರು ಹೊಲದಲ್ಲೇ ಹುಟ್ಟಿ ಬೆಳೆದವರು ಎಂಬ ಆಕ್ಷೇಪ ಉಂಟು. ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತು ಇತಿಹಾಸದ ಎದುರು ನಿಲ್ಲುವುದಿಲ್ಲ. ಹೂವಿನ ಮೇಲೆ ಜೇನು ಕೂರುವುದನ್ನು ಮನುಷ್ಯ ಸಾವಿರಾರು ವರ್ಷಗಳಿಂದ ನೋಡುತ್ತಲೇ ಬಂದಿದ್ದಾನೆ, ಜೇನು ಕಿತ್ತು ತಿಂದಿದ್ದಾನೆ, ಸಾಕಿದ್ದಾನೆ. ಹಾಗಿದ್ದೂ ಕೀಟದಿಂದ ಹೂವಿಗೇನು ಲಾಭ ಎಂಬುದನ್ನು ಯುರೋಪಿನ ಸಸ್ಯವಿಜ್ಞಾನಿಗಳು ಪತ್ತೆ ಹಚ್ಚಿದ್ದು 18ನೇ ಶತಮಾನದಲ್ಲಿ. ಬರ್ಲಿನ್ ಪಕ್ಕದ ಸ್ಪಾಂಡೌ ಎಂಬ ಊರಿನ ಶಾಲೆಯ ಮುಖ್ಯಸ್ಥ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್ ನೂರಾರು ಹೂವುಗಳ ಮುಂದೆ ಕೂತು ನೋಡಿ, ಬಣ್ಣ, ಗೆರೆ, ಮಕರಂದ ಎಲ್ಲವೂ ಕೀಟವನ್ನು ಕರೆಯುವ ಏರ್ಪಾಡು ಎಂದು 1793ರಲ್ಲಿ ಪುಸ್ತಕ ಬರೆದ. ಬಹುಪಾಲು ವಿದ್ವಾಂಸರು ಅದನ್ನು ಕಣ್ಣೆತ್ತಿ ನೋಡಲಿಲ್ಲ. (ಹೂವಿನ ಹುಚ್ಚಿನಲ್ಲಿ ಶಾಲೆಯ ಕೆಲಸವನ್ನು ಕಡೆಗಣಿಸಿದ ಎಂಬ ದೂರು ಅವನ ಮೇಲಿತ್ತು. ಮುಖ್ಯ ಶಿಕ್ಷಕರು ಗಮನಿಸಬಹುದು.) ಚಾರ್ಲ್ಸ್ ಡಾರ್ವಿನ್ 1841ರಲ್ಲಿ ಆ ಪುಸ್ತಕವನ್ನು ಓದಿ ಮೆಚ್ಚಿದ ಮೇಲೆ ಅದಕ್ಕೆ ಮರುಜೀವ ಬಂತು. ಕಣ್ಣಿಗೆ ಬೀಳುವುದೆಲ್ಲ ತಿಳಿವಳಿಕೆ ಆಗುವಂತಿದ್ದರೆ ಇಷ್ಟು ಕಾಲ ಬೇಕಾಗುತ್ತಿರಲಿಲ್ಲ. ಹೊಲದ ಮಗುವಿಗೆ ಜೇನು ಗೊತ್ತು, ಕುಂಬಳವೂ ಗೊತ್ತು; ಒಂದಿಲ್ಲದೆ ಇನ್ನೊಂದಿಲ್ಲ ಎಂಬುದು ಚೀಲ ಕಟ್ಟಿದ ಹೂವು ಉದುರಿದಾಗಲೇ ಗೊತ್ತಾಗುವುದು.

ಅದೇ 1841ರಲ್ಲಿ, ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ನಡೆದದ್ದು ನನ್ನ ವಾದಕ್ಕೆ ಇನ್ನೂ ಹತ್ತಿರ. ಮೆಕ್ಸಿಕೊ ಮೂಲದ ವೆನಿಲ್ಲಾ ಬಳ್ಳಿಯನ್ನು ಫ್ರೆಂಚರು ಅಲ್ಲಿಗೆ ತಂದು ಹಬ್ಬಿಸಿದ್ದರು. ಹೂವು ಬಿಡುತ್ತಿತ್ತು, ಕೋಡು ಕಟ್ಟುತ್ತಿರಲಿಲ್ಲ; ತವರಿನ ಕೀಟ ಅಲ್ಲಿರಲಿಲ್ಲ. ಎಡ್ಮಂಡ್ ಎಂಬ 12 ವರ್ಷದ ಗುಲಾಮ ಹುಡುಗ ಸಣ್ಣದೊಂದು ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆಯನ್ನು ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ಕೂರಿಸಿದ. ಕೋಡು ಕಟ್ಟಿತು. ಇವತ್ತಿಗೂ ಲೋಕದ ವೆನಿಲ್ಲಾದ ಬಹುಪಾಲು ಬೆಳೆಯುವುದು ಆ ಹುಡುಗ ತೋರಿಸಿದ ಕ್ರಮದಲ್ಲೇ. 2000ದ ದಶಕದ ಮೊದಲ ವರ್ಷಗಳಲ್ಲಿ ವೆನಿಲ್ಲಾಕ್ಕೆ ಚಿನ್ನದ ಬೆಲೆ ಬಂದು, ಆಮೇಲೆ ನೆಲಕಚ್ಚಿದಾಗ ಕೈಸುಟ್ಟುಕೊಂಡ ಮಲೆನಾಡು, ಕೊಡಗು, ಕರಾವಳಿಯ ಬೆಳೆಗಾರರಿಗೆ ಬೆಳಗಿನ ಆ ಕಡ್ಡಿ ಕೆಲಸದ ನೆನಪು ಇದ್ದೇ ಇರುತ್ತದೆ. ಎಡ್ಮಂಡ್‌ಗೆ ಅದು ಹೊಳೆದದ್ದು ಹೇಗೆ? ಕುಂಬಳದ ಕುಟುಂಬದ ಬಳ್ಳಿಯೊಂದರಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಕಾಯಿ ಕಟ್ಟಿಸುವುದನ್ನು ಅವನ ಒಡೆಯ ಮೊದಲೇ ತೋರಿಸಿಕೊಟ್ಟಿದ್ದ. ಒಂದು ಬಳ್ಳಿಯಲ್ಲಿ ಕೈಯಾರೆ ಮಾಡಿದ ಕೆಲಸ, ಇನ್ನೊಂದು ಬಳ್ಳಿ ಬಂಜೆಯಾಗಿ ನಿಂತಾಗ ಪ್ರಶ್ನೆ ಕೇಳಲು ಅವನಿಗೆ ದಾರಿ ಕೊಟ್ಟಿತು. ಇದರ ಮಗ್ಗುಲಿಗೆ ಒಂದು ಕಹಿ ಸಂಗತಿಯೂ ಇದೆ. ಆ ಹುಡುಗ ಸ್ವತಂತ್ರನಾದದ್ದು ದ್ವೀಪದಲ್ಲಿ ಗುಲಾಮಗಿರಿ ಹೋದ 1848ರಲ್ಲಿ, ಸತ್ತದ್ದು ಬಡತನದಲ್ಲಿ. ನಮ್ಮ ದೇಶದ ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲಿ ಇದೇ ಪರಾಗ ಸವರುವ ಕೆಲಸಕ್ಕೆ ಮಕ್ಕಳನ್ನು ಶಾಲೆ ಬಿಡಿಸಿ ದುಡಿಸಿದ್ದೂ ದಾಖಲೆಯಲ್ಲಿದೆ. ನಾಲ್ಕೈದು ಹೂವಿಗೆ ಪ್ರಶ್ನೆ ಕೇಳುವುದು ಪಾಠ. ದಿನವಿಡೀ ಸಾಲುಸಾಲು ಹೂವಿಗೆ ಪರಾಗ ಸವರಿಸುವುದು ದುಡಿತ. ಈ ಗೆರೆ ಶಾಲೆಗೆ ಸ್ಪಷ್ಟವಾಗಿರಬೇಕು.

ಒಂದೇ ಬಳ್ಳಿಯನ್ನು ಹಿಡಿದು ಕೂತರೆ ಮಗುವಿನ ಲೋಕ ಕಿರಿದಾಗುವುದಿಲ್ಲವೇ ಎಂದು ಕೇಳಬಹುದು. ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರು ಹೇಳುವುದು ಬೇರೆಯೇ. ತಾನೇ ಚಲಿಸುವುದಕ್ಕೆ ಮಾತ್ರ ಜೀವ ಇದೆ ಎಂದು ಎಳೆಯ ಮಕ್ಕಳು ನಂಬುತ್ತಾರೆ, ಆದ್ದರಿಂದ ಗಿಡಕ್ಕೆ ಜೀವವಿಲ್ಲ ಎನ್ನುತ್ತಾರೆ ಎಂಬುದನ್ನು ಬಿ.ಎಡ್. ಓದಿದವರೆಲ್ಲ ಪಿಯಾಜೆಯ ಪಾಠದಲ್ಲಿ ಕಂಡಿರುತ್ತಾರೆ. ಇದನ್ನು ಮಾತಿನಿಂದ ತಿದ್ದುವುದು ಕಷ್ಟ. ಜಪಾನಿನ ಕಯೋಕೊ ಇನಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಶಿಶುವಿಹಾರದ ಮಕ್ಕಳನ್ನೂ ಸಾಕದವರನ್ನೂ ಅವರು ಹೋಲಿಸಿದರು. ಸಾಕಿದ ಮಕ್ಕಳಿಗೆ ಮೀನಿನ ಬಗ್ಗೆ ಹೆಚ್ಚು ಗೊತ್ತಿದ್ದದ್ದು ಆಶ್ಚರ್ಯವಲ್ಲ. ಅವರು ತಾವು ಸಾಕಿರದ ಕಪ್ಪೆಯ ಬಗ್ಗೆಯೂ ಮೀನಿನ ಆಧಾರದಲ್ಲಿ ತರ್ಕ ಮಾಡಿ ಹೆಚ್ಚು ಸರಿಯಾದ ಉತ್ತರ ಕೊಟ್ಟರು. ಒಂದನ್ನು ಆಳವಾಗಿ ತಿಳಿದ ಮಗು ಅದನ್ನೇ ಊರುಗೋಲು ಮಾಡಿಕೊಂಡು ಗೊತ್ತಿಲ್ಲದ್ದರ ಕಡೆ ನಡೆಯುತ್ತದೆ. ಇಪ್ಪತ್ತು ಚಿಟ್ಟೆಗಳ ಚಾರ್ಟು ನೋಡಿದ ಮಗುವಿಗೆ ಅಂಥ ಆಸರೆ ಇರುವುದಿಲ್ಲ.

ಕುಂಬಳದಿಂದ ನಡೆಯಲು ದಾರಿಗಳೂ ಬೇಕಷ್ಟಿವೆ. ಹಾಗಲ ಅದೇ ಕುಟುಂಬದ್ದು, ಅದರದೂ ಬೆಳಿಗ್ಗೆ ಅರಳುವ ಹಳದಿ ಹೂವು. ಸೋರೆಯ ಹೂವು ಬಿಳಿ, ಅರಳುವುದು ಸಂಜೆ. ಜಾಲರಿಯಂಥ ಬಿಳಿ ಹೂವಿನ ಪಡವಲವೂ ಹಾಗೇ. ಕತ್ತಲಲ್ಲಿ ಬಿಳಿ ಹೂವನ್ನು ಹುಡುಕಿ ಬರುವುದು ಯಾರು ಎಂದು ಕೇಳಿದರೆ, ಕುಂಬಳ ಮಾಡಿದ ಮಗು ಅದು ಹಗಲಿನ ಜೇನು ಆಗಿರಲಾರದು ಎಂದು ತಾನೇ ಹೇಳುತ್ತದೆ, ಬರುವವರು ಪತಂಗಗಳು. ತುಳಸಿಕಟ್ಟೆಯ ಮುಂದೆ ಕೂತರೆ ಮುಜಂಟಿ, ಕೋಲುಜೇನು, ತುಡುವೆಗಳನ್ನು ಗಾತ್ರದಿಂದಲೇ ಬೇರೆ ಮಾಡಬಹುದು. ಬದನೆಯದಂತೂ ಸೊಗಸಾದ ಪ್ರಕರಣ. ಅದರ ಪರಾಗ ತುದಿಯಲ್ಲಿ ಸಣ್ಣ ತೂತಿರುವ ಕೊಳವೆಗಳೊಳಗೆ ಅಡಗಿರುತ್ತದೆ, ನಾವು ಸಾಕುವ ಜೇನಿಗೆ ಸುಲಭವಾಗಿ ಸಿಗುವುದಿಲ್ಲ. ದೊಡ್ಡ ಕಪ್ಪು ದುಂಬಿಯೋ ನೀಲಿ ಪಟ್ಟೆಯ ಒಂಟಿ ಜೇನೋ ಹೂವನ್ನು ಅಪ್ಪಿ ಹಿಡಿದು ಗುಂಯ್‌ಗುಟ್ಟಿ ಅಲುಗಿಸಿದಾಗ ಪುಡಿ ಉದುರುತ್ತದೆ. ಹೈಸ್ಕೂಲಿನ ಪ್ರಯೋಗಾಲಯದಿಂದ ಶ್ರುತಿಕವೆ ತಂದು, ಮಿಡಿದು, ಬದನೆಯ ಹೂವಿಗೆ ತಾಗಿಸಿ ಕೆಳಗೆ ಕಪ್ಪು ಕಾಗದ ಹಿಡಿದರೆ ಮಗುವಿಗೆ ಅದೂ ಕಾಣುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ, ಅತ್ತಿಹಣ್ಣು ಒಡೆದರೆ ಹುಳವೇ ಎಂದು ಮೂಗು ಮುರಿಯುವ ಹಿರಿಯರಿಗೆ, ಆ ಹುಳವಿಲ್ಲದೆ ಅತ್ತಿಯ ಬೀಜವೇ ಕಟ್ಟದು ಎಂದು ಹೇಳುವಷ್ಟಾದರೂ ಆಗಲಿ.

ಬಹಳ ಕಡೆ ಈ ಪಾಠ ಶುರುವಾಗುವುದು ಹೆದರಿಕೆಯಿಂದ. ಜೇನು ಅಳಿದರೆ ಮನುಷ್ಯಕುಲ ನಾಲ್ಕೇ ವರ್ಷದಲ್ಲಿ ಅಳಿಯುತ್ತದೆ ಎಂಬ ಮಾತನ್ನು ಐನ್‌ಸ್ಟೀನ್ ಹೆಸರಿನಲ್ಲಿ ಗೋಡೆಗೆ ಬರೆಸುತ್ತಾರೆ. ಐನ್‌ಸ್ಟೀನ್ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ, ಮಾತೂ ನಿಜವಲ್ಲ. ಭತ್ತ, ರಾಗಿ, ಗೋಧಿಗೆ ಜೇನು ಬೇಕಿಲ್ಲ. ಅವು ತಮ್ಮದೇ ಪರಾಗದಿಂದ ಕಾಳು ಕಟ್ಟುತ್ತವೆ. ಮೆಕ್ಕೆಜೋಳಕ್ಕೆ ಗಾಳಿ ಸಾಕು. ಲೋಕದ ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ಮುಕ್ಕಾಲು ಪಾಲು ಅಷ್ಟೋ ಇಷ್ಟೋ ಪರಾಗಸ್ಪರ್ಶಿ ಜೀವಿಗಳನ್ನು ನೆಚ್ಚಿವೆ, ನಿಜ. ಆದರೆ ತೂಕದ ಲೆಕ್ಕದಲ್ಲಿ ಅಂಥ ಬೆಳೆಗಳ ಪಾಲು ಸುಮಾರು ಮೂರನೇ ಒಂದು. ಊಟದ ತಟ್ಟೆಯಲ್ಲೇ ಇದನ್ನು ತೋರಿಸಬಹುದು: ಮುದ್ದೆಗೆ ಜೇನು ಬೇಡ, ಸಾರಿನ ಕುಂಬಳಕಾಯಿಗೆ ಬೇಕು. ಆರು ವರ್ಷದ ಮಗುವಿನ ತಲೆಗೆ ಪ್ರಳಯ ತುಂಬುವುದಕ್ಕಿಂತ ಅಕ್ಷರ ದಾಸೋಹದ ತಟ್ಟೆಯಲ್ಲಿ ಯಾವುದು ಯಾರ ದುಡಿಮೆ ಎಂದು ಬೇರ್ಪಡಿಸಲು ಹೇಳುವುದು ಹೆಚ್ಚು ಪ್ರಾಮಾಣಿಕ, ನೆನಪಿನಲ್ಲೂ ಉಳಿಯುತ್ತದೆ.

ಕಚ್ಚಿದರೆ? ತಾಯಂದಿರ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಜೇನು ಚುಚ್ಚುವುದು ಬಹುಮಟ್ಟಿಗೆ ಗೂಡಿನ ರಕ್ಷಣೆಗೆ. ಹೂವಿನ ಮೇಲಿರುವಾಗ ಹಿಡಿಯದೆ, ಹಿಸುಕದೆ ಇದ್ದರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಮುಜಂಟಿಗಂತೂ ಚುಚ್ಚುವ ಕೊಂಡಿಯೇ ಇಲ್ಲ. ಶಾಲೆಯ ಮರದಲ್ಲೋ ನೀರಿನ ಟ್ಯಾಂಕಿನ ಕೆಳಗೋ ಹೆಜ್ಜೇನು ಕಟ್ಟಿದ್ದರೆ ಮಾತ್ರ ಅದರ ಹತ್ತಿರ ಯಾವ ಪಾಠವೂ ಬೇಡ. ಹಿಂದೆ ಜೇನು ಚುಚ್ಚಿ ಮೈಯೆಲ್ಲ ಊದಿದ, ಉಸಿರಿಗೆ ಕಷ್ಟಪಟ್ಟ ಮಗು ತರಗತಿಯಲ್ಲಿ ಇದೆಯೇ ಎಂದು ಮನೆಯವರನ್ನು ಕೇಳಿಟ್ಟುಕೊಳ್ಳುವುದು ಶಿಕ್ಷಕಿಯ ಹೊಣೆ. ನಗರದವರ ಆಕ್ಷೇಪ ಬೇರೆ: ನಮಗೆ ನೆಲವೇ ಇಲ್ಲ, ಎಂಟನೇ ಮಹಡಿಗೆ ಜೇನು ಬರುವುದಿಲ್ಲ. ಬಾಲ್ಕನಿಯ ಗ್ರೋ ಬ್ಯಾಗಿನಲ್ಲಿ ಕುಂಬಳ ಹಬ್ಬಿಸುವುದು ಕಷ್ಟವಾದರೆ ಹಾಗಲ ಅಥವಾ ಸೌತೆ ಆಗುತ್ತದೆ, ನಾಲ್ಕು ಗಂಟೆ ಬಿಸಿಲು ಬಿದ್ದರೂ ನಡೆದೀತು. ಜೇನು ಬಾರದಿರುವುದು ಇಲ್ಲಿ ಕೊರತೆಯೇ ಅಲ್ಲ. ಹೂವು ಬಿಟ್ಟೂ ಕಾಯಿ ನಿಲ್ಲದ ಬಾಲ್ಕನಿಯಲ್ಲಿ ಮಗುವಿನ ಕೈ ಬಿದ್ದ ಹೂವು ಮಾತ್ರ ಕಾಯಾದರೆ, ಎಂಟನೇ ಮಹಡಿಯಲ್ಲಿ ಇಲ್ಲದ್ದು ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. (ಸೌತೆಯ ಬೀಜ ತರುವಾಗ ಪರಾಗವಿಲ್ಲದೆಯೂ ಕಾಯಿ ಬಿಡುವ ಪಾಲಿಹೌಸ್ ತಳಿ ಆಗದಂತೆ ನೋಡಿಕೊಳ್ಳಿ, ಅದರಲ್ಲಿ ಇಡೀ ಪ್ರಯೋಗ ತಲೆಕೆಳಗಾಗುತ್ತದೆ.) ಗಂಡು, ಹೆಣ್ಣು ಎಂದು ಮಕ್ಕಳೆದುರು ಹೇಳಲು ಮುಜುಗರ ಎನ್ನುವ ಶಿಕ್ಷಕರೂ ಇದ್ದಾರೆ. ಹಳ್ಳಿಯ ಅಜ್ಜಿಯರು ಗಂಡು ಹೂವು, ಹೆಣ್ಣು ಹೂವು ಎಂದು ಮೊಮ್ಮಕ್ಕಳೆದುರೇ ಹೇಳಿಕೊಂಡು ಬಂದಿದ್ದಾರೆ, ಯಾವ ಅನಾಹುತವೂ ಆಗಿಲ್ಲ.

ಉಳಿದದ್ದು ಸಮಯದ ತಕರಾರು: ಸಿಲೆಬಸ್ ಮುಗಿಸುವುದೇ ಕಷ್ಟ, ಇದಕ್ಕೆಲ್ಲಿ ಪುರಸತ್ತು? ಲೆಕ್ಕ ಹಾಕಿದರೆ ಕುಂಬಳ ನಮ್ಮ ಶಾಲೆಯ ಕ್ಯಾಲೆಂಡರಿಗೆಂದೇ ಇದ್ದಂತಿದೆ. ವಿಶ್ವ ಜೇನು ದಿನ ಬರುವುದು ಮೇ 20ಕ್ಕೆ, ಆಗ ಶಾಲೆಗೆ ಬೇಸಿಗೆ ರಜೆ. ಜೂನ್ ಮೊದಲ ವಾರ ಬೀಜ ಹಾಕಿದರೆ ಒಂದೂವರೆ, ಎರಡು ತಿಂಗಳಿಗೆ ಹೂವು ಬರುತ್ತದೆ, ದಸರಾ ರಜೆಯ ಹೊತ್ತಿಗೆ ಕಾಯಿ ಬಲಿಯುತ್ತದೆ. ಎಡೆಬಿಡದೆ ಮಳೆ ಸುರಿಯುವ ಕಡೆ ಮಳೆ ಇಳಿದ ಮೇಲೆ ಬಿತ್ತಲಿ. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚಿನ ಕೆಲಸವಿಲ್ಲ. ಆ ತೋಟಕ್ಕೆ ಕೀಟನಾಶಕ ಹೊಡೆಯಬಾರದು, ಬೆಳಗಿನ ಹೊತ್ತಂತೂ ಖಂಡಿತ ಬೇಡ. ಎಲೆ ತಿನ್ನುವ ಕೆಂಪು ದುಂಬಿಯನ್ನು ಕೈಯಿಂದ ಹಿಡಿದು ಹಾಕಲು ಮಕ್ಕಳಿಗಿಂತ ಚುರುಕಾದವರು ಸಿಗುವುದಿಲ್ಲ. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಬಿಸಿಯೂಟಕ್ಕೆ ಹೆಚ್ಚಿದ ಹಣ್ಣಾದ ಕುಂಬಳದೊಳಗೇ ಇರುತ್ತದೆ. ಮುಖ್ಯ ಶಿಕ್ಷಕರಲ್ಲಿ ಒಂದೇ ಕೋರಿಕೆ. ಹೆಣ್ಣು ಹೂವು ಬಿಡತೊಡಗಿದ ಮೇಲೆ ಎರಡು ವಾರದ ಮಟ್ಟಿಗೆ ಒಂದು, ಎರಡನೇ ತರಗತಿಯ ಮೊದಲ ಪಿರಿಯಡನ್ನು ಬಳ್ಳಿಗೆ ಬಿಟ್ಟುಕೊಡಿ. ಮಧ್ಯಾಹ್ನದ ಆಟದ ಪಿರಿಯಡ್ ಕೊಟ್ಟರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಹೂವು ಮುಚ್ಚಿಕೊಂಡಿರುತ್ತದೆ.